ಯಾವ ಸರ್ಕಾರದ ಕೈಯೂ ಇಲ್ಲ

ತೈಕೌ, ಶಾನ್‌ಡಾಂಗ್, ಚೀನಾ
೨೦೧೬ ಮಾರ್ಚ್ ೧೨

ಕೆವನ್,

ನೀನು ಕಂಪನಿಯ ಪ್ರತಿನಿಧಿಯಾಗಿ ಆಸ್ಟ್ರೇಲಿಯಾಕ್ಕೆ ಹೋಗಿ ನಲವತ್ತು ದಿನವಾಯಿತು. ಇದನ್ನು ತರುವ ಎಂಜಿನಿಯರ್ ನಮ್ಮ ಕಂಪನಿಯ ಹಳೆಯ ಆಳು, ನಂಬಬಹುದು. ಫೋನಿನಲ್ಲಿ ಊಟ, ಹವೆ, ನಿನ್ನ ಭಾವನ ಮಂಡಿನೋವು ಇಷ್ಟನ್ನೇ ಮಾತಾಡೋಣ. ಉಳಿದದ್ದು ಹೀಗೆ ಕಾಗದದಲ್ಲಿ, ಕೈಯಿಂದ ಕೈಗೆ. ಓದಿದ ಮೇಲೆ ಏನು ಮಾಡಬೇಕೆಂದು ನಿನಗೆ ಗೊತ್ತು.

ಬ್ಯಾಲರಾಟಿನ ಆ ಔಷಧ ಕಾರ್ಖಾನೆಯನ್ನು ನಮ್ಮ ಕಂಪನಿ ಕೊಳ್ಳಬೇಕಾದರೆ ಆಸ್ಟ್ರೇಲಿಯಾ ಸರ್ಕಾರಕ್ಕೆ ಒಂದು ಹೇಳಿಕೆ ಕೊಡಬೇಕಂತೆ. ಅದರಲ್ಲೊಂದು ಪ್ರಶ್ನೆ: ಈ ಖರೀದಿಯ ಹಿಂದೆ ಯಾವುದಾದರೂ ಸರ್ಕಾರದ ಕೈ ಇದೆಯೇ? ಇಲ್ಲ ಎಂದು ಬರೆ. ಕಾಗದದ ಮಟ್ಟಿಗೆ ಅದು ಸುಳ್ಳಲ್ಲ. ಕಂಪನಿ ಖಾಸಗಿಯಾಗಿ ಹದಿನೈದು ವರ್ಷವಾಯಿತು. ನಗರದ ನಿಧಿ ಬಂದಿರುವುದು ಬೇರೊಂದು ಕಂಪನಿಯ ಮೂಲಕ, ಅದಕ್ಕೆ ಮತ್ತೊಂದರ ಮೂಲಕ. ನಾನು ತೈಕೌ ನಗರದ ಕೈಗಾರಿಕೆ ನೋಡುವ ಉಪಮೇಯರ್, ನಿಜ. ಆದರೆ ಒಂದು ಹಾಳೆಯಲ್ಲೂ ನನ್ನ ಹೆಸರಿಲ್ಲ. ನಮ್ಮಿಬ್ಬರ ಮನೆತನದ ಹೆಸರು ಒಂದೇ ಎಂದು ಅಲ್ಲಿ ಯಾರಾದರೂ ಕೇಳಿದರೆ, ಅರ್ಧ ಊರಿಗೆ ಅದೇ ಹೆಸರು ಎಂದುಬಿಡು.

ಕಂಪನಿಯ ಅಧ್ಯಕ್ಷರನ್ನು ಕರೆಸಿ ಕೂರಿಸಿದಾಗ ಪಾಪ, ಅವರ ಕೈಯಲ್ಲಿದ್ದ ಚಹಾ ತಣ್ಣಗಾಗಿತ್ತು. "ಮೇಡಂ, ಹಂದಿ ಗ್ರಂಥಿಯಿಂದ ಔಷಧಿ ಮಾಡೋ ಕಾರ್ಖಾನೆ, ಅದೂ ಭೂಮಿಯ ಆ ತುದೀಲಿ. ನಮಗ್ಯಾಕೆ?" ಎಂದು ಕೇಳಿದರು. ಪ್ರಾಂತ್ಯದ ಬೇರೆಲ್ಲ ನಗರಗಳೂ ಹೊರದೇಶದಲ್ಲಿ ಏನಾದರೊಂದು ಕೊಂಡಿವೆ, ತೈಕೌ ಒಂದೇ ಕೈಕಟ್ಟಿ ಕೂತಿದೆ ಎಂದೆ. ಅವರು ಚಹಾ ಬದಿಗಿಟ್ಟು, ಆಗಲಿ ಎಂದರು. ನಾನು ಮಾಡಿದ್ದು ಅಷ್ಟೇ.

ಅಮ್ಮ ಸತ್ತಾಗ ನಿನಗೆ ಒಂಬತ್ತು, ನನಗೆ ಹದಿನೆಂಟು. ನಿನ್ನ ಶಾಲೆಯ ಅರ್ಜಿಗಳಲ್ಲಿ ತಾಯಿಯ ಜಾಗಕ್ಕೆ ನಾನೇ ಸಹಿ ಹಾಕುತ್ತಿದ್ದೆ. ಈಗ ನನಗೋಸ್ಕರ ನೀನೊಂದು ಸಹಿ ಹಾಕು.

ಅಕ್ಕ

ಬ್ಯಾಲರಾಟ್
೨೦೧೬ ಮೇ ೩

ಅಕ್ಕಾ,

ಸಹಿ ಹಾಕಿದೆ. ಒಪ್ಪಿಗೆಯೂ ಬಂತು.

ಮೆಲ್ಬರ್ನಿನ ಕಚೇರಿಯಲ್ಲಿ ಇಬ್ಬರು ಅಧಿಕಾರಿಗಳಿದ್ದರು. ಮಾತಾಡಿದ್ದೆಲ್ಲ ಚಿಕ್ಕ ವಯಸ್ಸಿನ ಹೆಂಗಸು. ಕಾಗದದಲ್ಲಿ ಬರೆದದ್ದು ಸಾಲದೆಂದು ಆ ಪ್ರಶ್ನೆಯನ್ನು ಬಾಯಿ ಬಿಟ್ಟೂ ಕೇಳಿದಳು. ಇಲ್ಲ ಅಂದೆ. ಅವಳು ಬರೆದುಕೊಂಡಳು.

ಮರುದಿನ ಕಾರ್ಖಾನೆಯ ಎಂಬತ್ತನಾಲ್ಕು ಜನರನ್ನು ಊಟದ ಮನೆಯಲ್ಲಿ ಸೇರಿಸಿದರು. ನೀನು ಹೇಳಿಕೊಟ್ಟಂತೆ, ಹತ್ತು ವರ್ಷ ಇಲ್ಲಿಂದ ಒಂದು ಮೊಳೆಯೂ ಕದಲುವುದಿಲ್ಲ ಎಂದೆ. ಹಿಂದಿನ ಸಾಲಿನಿಂದ ನೋರೀನ್ ಪಿಗಟ್ ಎಂಬ ಮೇಲ್ವಿಚಾರಕಿ ಎದ್ದಳು. ಅರವತ್ತರ ಹೆಂಗಸು, ಇಲ್ಲಿಗೆ ಬಂದು ಮೂವತ್ತೆಂಟು ವರ್ಷ. "ನೀವು ಒಳ್ಳೆಯವರ ಥರಾನೇ ಕಾಣ್ತೀರಿ ಡಾಕ್ಟರೇ. ನಿಮ್ಮ ಹಿಂದೆ ಯಾರಿದ್ದಾರೆ ಅಂತ ಒಂದು ಹೇಳಿಬಿಟ್ರೆ ನಮಗೂ ನಿದ್ದೆ ಬರುತ್ತೆ" ಎಂದಳು. ನಾನು ತಿರುಗಿ ನೋಡಿ, "ಗೋಡೆ ಇದೆ" ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಈ ಔಷಧಿ ಯಾತಕ್ಕೆ ಎಂದು ನೀನು ಕೇಳಲೇ ಇಲ್ಲ. ಹಸುಗೂಸುಗಳಿಗೆ ಬರುವ ಒಂದು ಬಗೆಯ ಸೆಳೆತಕ್ಕೆ. ಮಗು ಯಾರಿಗೋ ಸಲಾಮು ಹೊಡೆಯುತ್ತಿರುವಂತೆ ಮುಂದಕ್ಕೆ ಬಾಗುತ್ತದೆ, ಮತ್ತೆ ಬಾಗುತ್ತದೆ, ಒಂದೇ ಸಮನೆ ಮೂವತ್ತು ನಲವತ್ತು ಸಲ. ಕೆಲವು ವಾರಗಳಲ್ಲಿ ನಿಲ್ಲಿಸದಿದ್ದರೆ ಬುದ್ಧಿ ಬೆಳೆಯುವುದೇ ಇಲ್ಲ. ಈ ಚುಚ್ಚುಮದ್ದು ತಯಾರಿಸುವವರು ಈ ಭಾಗದಲ್ಲಿ ಬೇರೆ ಯಾರೂ ಇಲ್ಲ. ತಯಾರಿಕೆಯ ಪುಸ್ತಕದಲ್ಲಿ ನಲವತ್ತೊಂದು ಹಂತಗಳಿವೆ. ಇಪ್ಪತ್ತಾರನೆಯದರ ಎದುರು 'ಹದವಾಗುವ ತನಕ ಕಾಯಬೇಕು' ಎಂದಿದೆ, ಅಷ್ಟೇ. ಆ ಹದ ನೋರೀನಳಿಗೆ ಮಾತ್ರ ಗೊತ್ತು. ಗಾಜಿನ ಕಡ್ಡಿಯನ್ನು ಅದ್ದಿ ಎತ್ತಿ, ತೊಟ್ಟು ಬೀಳುವುದನ್ನು ನೋಡುತ್ತಾಳೆ. "ಇನ್ನೂ ಇಲ್ಲ" ಎನ್ನುತ್ತಾಳೆ. ಮತ್ತೆ ನೋಡುತ್ತಾಳೆ. ನಾನು ಪಕ್ಕದಲ್ಲಿ ನಿಂತು ನಾಲ್ಕು ವಾರ ನೋಡಿದೆ, ಎರಡು ತೊಟ್ಟುಗಳ ನಡುವಿನ ವ್ಯತ್ಯಾಸ ನನಗೆ ಕಾಣಲಿಲ್ಲ.

ಇಲ್ಲಿ ಚಳಿ ಶುರುವಾಗಿದೆ. ಭಾವನಿಗೆ ಮಂಡಿಗೆ ಸುತ್ತುವ ಉಣ್ಣೆಯ ಪಟ್ಟಿ ಕಳಿಸಿದ್ದೇನೆ.

ಕೆವನ್

ತೈಕೌ
೨೦೧೭ ಜನವರಿ ೨೦

ಕೆವನ್,

ಹೊಸ ವರ್ಷದ ಹಬ್ಬಕ್ಕೆ ಎಂಟು ದಿನವಿದೆ. ನೀನು ಬರುವುದಿಲ್ಲವೆಂದು ಗೊತ್ತಿದ್ದರೂ ನಿನ್ನ ಭಾವ ಕಡುಬಿನ ಹೂರಣಕ್ಕೆ ನಿನ್ನ ಪಾಲಿನ ಸಬ್ಬಸಿಗೆಯನ್ನೂ ತಂದಿದ್ದಾರೆ.

ವಿಷಯಕ್ಕೆ ಬರುತ್ತೇನೆ. ಬೀಜಿಂಗಿನಲ್ಲಿ ಗಾಳಿ ತಿರುಗಿದೆ. ಹೋದ ವರ್ಷ ಹೊರದೇಶದಲ್ಲಿ ಕೊಂಡವರಿಗೆ ಹಾರ ಹಾಕಿದವರೇ ಈಗ, ಹಣವನ್ನು ಯಾಕೆ ಹೊರಗೆ ಸಾಗಿಸಿದಿರಿ ಎಂದು ಕೇಳುತ್ತಿದ್ದಾರೆ. ಪಕ್ಕದ ನಗರದಲ್ಲಿ ನನ್ನ ಹುದ್ದೆಯಲ್ಲಿದ್ದವನು ಎರಡು ವಾರದಿಂದ ಕಚೇರಿಗೆ ಬಂದಿಲ್ಲ. ಎಲ್ಲಿದ್ದಾನೆಂದು ಯಾರೂ ಕೇಳುವುದಿಲ್ಲ. ನಾವು ಹೊರಗಿನಿಂದ ಏನು ತಂದೆವು ಎಂದು ತೋರಿಸಬೇಕು. ಊರಿನ ಪೂರ್ವಕ್ಕೆ ಔಷಧ ಕೈಗಾರಿಕಾ ಉದ್ಯಾನವೆಂದು ಗಾಜಿನ ಕಟ್ಟಡ ಕಟ್ಟಿಸಿದ್ದೇನೆ, ಖಾಲಿ ನಿಂತಿದೆ. ಬ್ಯಾಲರಾಟಿನ ಪಾತ್ರೆಗಳೂ ಯಂತ್ರಗಳೂ ಆಗಸ್ಟ್ ತಪಾಸಣೆಯೊಳಗೆ ಅದರಲ್ಲಿ ಇರಬೇಕು.

ನಷ್ಟದಲ್ಲಿದ್ದೇವೆ, ಇದು ವ್ಯಾಪಾರದ ತೀರ್ಮಾನ ಎಂದು ಅಲ್ಲಿ ಹೇಳು. ಕಂಪನಿಯ ಆಡಳಿತ ಮಂಡಳಿ ಹಾಗೆಯೇ ಠರಾವು ಮಾಡಿ ಕಳಿಸುತ್ತದೆ.

ಹತ್ತು ವರ್ಷದ ಮಾತು ಕೊಡಿಸಿದ್ದೆಯಲ್ಲ ಎಂದು ನೀನು ಬರೆಯುತ್ತೀಯ, ಗೊತ್ತು. ಬರೆಯಬೇಡ. ಮಾಡು.

ಅಕ್ಕ

ಬ್ಯಾಲರಾಟ್
೨೦೧೭ ಫೆಬ್ರವರಿ ೨೬

ಅಕ್ಕಾ,

ಬರೆಯಬೇಡ ಅಂದೆ. ಬರೆಯುತ್ತಿದ್ದೇನೆ.

ಕಾರ್ಖಾನೆ ಮುಚ್ಚುವ ನೋಟಿಸನ್ನು ಸೋಮವಾರ ಅಂಟಿಸಿದೆ. ನೋರೀನ್ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಳು. ನಷ್ಟದ ಮಾತೆತ್ತಿದರೆ ಕೈ ಅಡ್ಡ ಹಿಡಿದಳು. "ನಷ್ಟ ಎಷ್ಟು ಅಂತ ನಂಗೊತ್ತು, ಮಾಲು ಕಳಿಸೋಳು ನಾನು. ನೀವು ಮುಚ್ತಾ ಇಲ್ಲ ಡಾಕ್ಟರೇ, ನಿಮ್ಮ ಕೈಲಿ ಯಾರೋ ಮುಚ್ಚಿಸ್ತಿದ್ದಾರೆ. ಯಾರದು?" ಎಂದಳು. ಯಾರೂ ಇಲ್ಲ ಎಂದೆ. ಹೋದ ಸಲ ನಕ್ಕಿದ್ದಳು, ಈ ಸಲ ನಗಲಿಲ್ಲ.

ನಿನ್ನ ಪಾತ್ರೆಗಳು ಅಲ್ಲಿಗೆ ಬರಬಹುದು. ಹದ ಬರುವುದಿಲ್ಲ. ಇಲ್ಲಿ ಮುಚ್ಚಿ ಅಲ್ಲಿ ಹದ ಕೂರುವ ತನಕ ಆ ಮಕ್ಕಳು ಏನು ಮಾಡಬೇಕು? ಕನಿಷ್ಠ ಎರಡು ವರ್ಷ ಎರಡೂ ಕಡೆ ನಡೆಸೋಣ ಎಂದು ಅಧ್ಯಕ್ಷರಿಗೆ ಬರೆದೆ. ಮೇಲಿನವರನ್ನು ಕೇಳಬೇಕು ಎಂದರು. ಮೇಲಿನವರು ಎಂದರೆ ನೀನು.

ವಕೀಲನೊಬ್ಬನನ್ನು ಸುತ್ತುಬಳಸಿ ಕೇಳಿದೆ. ಇದು ವ್ಯಾಪಾರಿಯ ತೀರ್ಮಾನವಾದರೆ ಯಾರೂ ತಡೆಯಲಾರರಂತೆ. ಇನ್ನೊಂದು ದೇಶದ ಸರ್ಕಾರ ಹಿಂದೆ ನಿಂತು ಮಾಡಿಸುತ್ತಿದೆ ಎಂದು ಗೊತ್ತಾದರೆ ಕೊಟ್ಟ ಒಪ್ಪಿಗೆಯನ್ನೇ ಹಿಂದಕ್ಕೆ ಪಡೆಯಬಹುದಂತೆ. ಆಗ ಪಾತ್ರೆಗಳು ಕದಲುವುದಿಲ್ಲ. ಅಂದರೆ ನಾನು ಮೆಲ್ಬರ್ನಿಗೆ ಹೋಗಿ ಒಂದು ವಾಕ್ಯ ಹೇಳಿದರೆ ಸಾಕು.

ಏಪ್ರಿಲ್ ನಡುವಿನ ಈಸ್ಟರ್ ರಜೆಯ ತನಕ ಕಾಯುತ್ತೇನೆ. ನಿನ್ನ ಉತ್ತರ ಬರಲಿ.

ಕೆವನ್

ತೈಕೌ
೨೦೧೭ ಏಪ್ರಿಲ್ ೯

ಕೆವನ್,

ಇದು ನಿನ್ನ ಭಾವ ಬರೆಯುತ್ತಿರುವುದು. ನಲವತ್ತು ಮಕ್ಕಳಿಗೆ ನದಿ ಪರ್ವತ ಪಾಠ ಹೇಳುವವನು ನಾನು, ಇಂಥ ಪತ್ರ ಬರೆದು ಗೊತ್ತಿಲ್ಲ. ನೇರವಾಗಿ ಹೇಳುತ್ತೇನೆ. ನಿನ್ನ ಅಕ್ಕ ಶುಲಾನಳನ್ನು ಕರೆದುಕೊಂಡು ಹೋದರು.

ಹಿರಿಯರ ಸಮಾಧಿ ಗುಡಿಸುವ ಹಬ್ಬ ಮುಗಿಸಿ ಗುರುವಾರ ಕಚೇರಿಗೆ ಹೋಗಿದ್ದಳು. ಸಭೆಯ ನಡುವೆ ಮೂವರು ತನಿಖಾಧಿಕಾರಿಗಳು ಬಂದು ಹೆಸರು ಕರೆದರಂತೆ. ಕನ್ನಡಕವನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದಳಂತೆ. ಅದನ್ನು ಅವಳ ಚಾಲಕ ತಂದುಕೊಟ್ಟ. ಮಧ್ಯಾಹ್ನ ಮನೆಗೂ ಬಂದರು. ಕಪಾಟು, ಹಿಟ್ಟಿನ ಡಬ್ಬಿ, ನನ್ನ ಪಾಠದ ಪುಸ್ತಕಗಳು, ಎಲ್ಲ ನೋಡಿದರು. ನಿನ್ನ ಕಾಗದಗಳು ಸಿಗಲಿಲ್ಲ. ಅವಳು ಒಂದನ್ನೂ ಉಳಿಸಿರಲಿಲ್ಲ. ಕೊನೆಯದನ್ನು ಅಡುಗೆಮನೆಯಲ್ಲಿ ನಿಂತೇ ಎರಡು ಸಲ ಓದಿದ್ದಳು. ಒಲೆಗೆ ಹಾಕಿದ ಮೇಲೆ, "ಉಂಡನೋ ಬಿಟ್ಟನೋ, ಅದನ್ನೊಂದು ಬರೀಲಿಲ್ಲ" ಎಂದಳು. ಉತ್ತರ ಏನು ಬರೆಯುತ್ತಿದ್ದಳೋ ನನಗೆ ತಿಳಿಯದು.

ಆರೋಪವೇನೆಂದರೆ, ನಗರದ ನಿಧಿಯನ್ನು ಹಾಕಿಸಿ, ಕಂಪನಿಯ ಮೇಲೆ ಒತ್ತಡ ತಂದು, ಹೊರದೇಶದ ಕಾರ್ಖಾನೆ ಕೊಳ್ಳಿಸಿದಳು ಎಂದು. ಅಧ್ಯಕ್ಷರು ಆಸ್ಪತ್ರೆಗೆ ಸೇರಿಕೊಂಡಿದ್ದಾರೆ, ಯಾರ ಕೈಗೂ ಸಿಗುತ್ತಿಲ್ಲ. ಕಾಗದದಲ್ಲಿ ಅವಳ ಹೆಸರಿಲ್ಲ. ಆದ್ದರಿಂದ ಅವರಿಗೆ ಬೇಕಾಗಿರುವುದು ಬಾಯಿಮಾತಿನ ಸಾಕ್ಷಿ. ನೀನು ಅಲ್ಲಿ ಏನಾದರೂ ಹೇಳಿದರೆ ಪತ್ರಿಕೆಯಲ್ಲಿ ಬರುತ್ತದೆ, ಇಲ್ಲಿ ಅದೇ ಸಾಕ್ಷಿಯಾಗುತ್ತದೆ.

ಕೆವನ್, ಮೂವತ್ತು ವರ್ಷದಲ್ಲಿ ನಾನು ನಿನ್ನ ಹತ್ತಿರ ಏನನ್ನೂ ಕೇಳಿಲ್ಲ. ಸುಮ್ಮನಿರು.

ಗೆಂಗ್ ಹೈಪಿಂಗ್

ಬ್ಯಾಲರಾಟ್
೨೦೧೭ ಜೂನ್ ೧೮

ಅಕ್ಕಾ,

ಇದು ನಿನ್ನ ಕೈಗೆ ಸೇರುವುದಿಲ್ಲ. ಭಾವನ ಹತ್ತಿರ ಇರಲಿ, ನೀನು ಬಂದ ಮೇಲೆ ಓದು.

ಕಾರ್ಮಿಕರ ಸಂಘ ದೂರು ಕೊಟ್ಟಿತ್ತು. ಮೆಲ್ಬರ್ನಿನ ಅದೇ ಹೆಂಗಸು ಕಾರ್ಖಾನೆಗೆ ಬಂದಳು. ಧ್ವನಿಮುದ್ರಣದ ಯಂತ್ರ ಇಟ್ಟಳು. ಈ ಮುಚ್ಚುವಿಕೆಯ ಹಿಂದೆ ಯಾವುದಾದರೂ ಸರ್ಕಾರದ ಸೂಚನೆ ಇದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಅಧಿಕಾರಿಯೊಬ್ಬರ ಸೂಚನೆ? ಇಲ್ಲ. ಅವಳು ಪೆನ್ನು ಕೆಳಗಿಟ್ಟು, "ಡಾಕ್ಟರ್ ಬಿಯಾನ್, ನಿಮಗೆ ಹೇಳೋಕೆ ಭಯ ಇದ್ರೆ ಅದಕ್ಕೂ ದಾರಿ ಇದೆ" ಎಂದಳು. ನನಗೆ ಭಯವಿಲ್ಲ ಎಂದೆ.

ಪಾತ್ರೆಗಳು ಗುರುವಾರ ಲಾರಿ ಏರಿದವು. ಹಳೆಯ ಕೆಲಸಗಾರರು ರಸ್ತೆಯಾಚೆ ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದರು.

ಇನ್ನೊಂದು ಆಯಿತು. ತೈಕೌಗೆ ಬಂದು ಹದ ಕಲಿಸಿಕೊಡಿ, ಆರು ತಿಂಗಳು ಸಾಕು ಎಂದು ನೋರೀನಳನ್ನು ಕೇಳಲು ಅವಳ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಎಲ್ಲ ಕೇಳಿಸಿಕೊಂಡು, "ಬರ್ತೀನಿ. ಆ ಕೂಸುಗಳಿಗೋಸ್ಕರ ಬರ್ತೀನಿ. ಸಂಬಳಾನೂ ಬೇಡ. ಆದ್ರೆ ನಾನು ಯಾರ ಮನೆ ಕೆಲಸಕ್ಕೆ ಹೋಗ್ತಿದ್ದೀನಿ ಅಂತ ನಿಮ್ಮ ಬಾಯಲ್ಲೇ ನಿಜ ಹೇಳಿ. ಅಷ್ಟೇ" ಎಂದಳು.

ಅವಳು ಕೇಳಿದ್ದು ಒಂದೇ ಒಂದು ಮಾತು. ಅವಳಿಗೆ ಹೇಳಿದರೆ ಸಂಘಕ್ಕೆ, ಸಂಘದಿಂದ ಪತ್ರಿಕೆಗೆ. ಕಂಪನಿಯ ಕೆಲಸಕ್ಕೆ ಎಂದೆ. ಅವಳು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ನಿನ್ನನ್ನು ನೆನೆದೇ ನಾನು ಇದನ್ನೆಲ್ಲ ಮಾಡುತ್ತಿದ್ದೇನೆ. ನೀನು ಹೊರಬಂದರೆ ಸಾಕು.

ಕೆವನ್

ಬ್ಯಾಲರಾಟ್
೨೦೧೭ ಡಿಸೆಂಬರ್ ೩

ಅಕ್ಕಾ,

ತೈಕೌನಲ್ಲಿ ಹನ್ನೊಂದು ಸಲ ತಯಾರಿಸಿ ಹನ್ನೊಂದು ಸಲವೂ ಚೆಲ್ಲಿದರಂತೆ. ಪುಸ್ತಕದಲ್ಲಿ ಇರುವುದನ್ನೆಲ್ಲ ಮಾಡಿದೆವು, ಗಂಜಿಯಂತಾಗುತ್ತದೆ ಎಂದು ಎಂಜಿನಿಯರ್ ಬರೆದಿದ್ದಾನೆ. ಇಲ್ಲಿ ಉಳಿದಿದ್ದ ಔಷಧಿ ಸೆಪ್ಟೆಂಬರಿಗೇ ಮುಗಿಯಿತು.

ಕಟ್ಟಡ ಮಾರುವ ತನಕ ನಾನೊಬ್ಬನೇ ಇಲ್ಲಿ ಕೂರುತ್ತೇನೆ. ಆಸ್ಪತ್ರೆಗಳಿಂದ ಫೋನು ಬರುತ್ತದೆ. ಬ್ರಿಸ್ಬೇನ್, ಹೋಬರ್ಟ್, ಫಿಜಿಯಿಂದಲೂ ಒಂದು. ಇಲ್ಲ ಎನ್ನುವುದೇ ನನ್ನ ಕೆಲಸ.

ಹೋದ ವಾರ ಬೆಂಡಿಗೋದಿಂದ ಒಬ್ಬ ತಾಯಿ ತಾನೇ ಕಾರು ಓಡಿಸಿಕೊಂಡು ಬಂದಳು. ಏಳು ತಿಂಗಳ ಮಗಳನ್ನು ಎತ್ತಿಕೊಂಡಿದ್ದಳು. ಬೇರೆ ಮಾತ್ರೆ ಕೊಟ್ಟಿದ್ದರಂತೆ, ಏಳು ವಾರ ಸೆಳೆತ ನಿಲ್ಲಲಿಲ್ಲವಂತೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಎಲ್ಲಾದರೂ ಒಂದು ಬಾಟಲಿ ಉಳಿದಿದೆಯೇ, ಕಪಾಟಿನ ಹಿಂದೆ, ಮೂಲೆಯಲ್ಲಿ, ಎಂದು ಕೇಳಲು ಬಂದಿದ್ದಳು. ಅವಳ ಸಮಾಧಾನಕ್ಕೆ ಇಬ್ಬರೂ ಸೇರಿ ಶೀತದ ಕೋಣೆಯ ಕಪಾಟುಗಳನ್ನೆಲ್ಲ ತೆರೆದು ನೋಡಿದೆವು. ಆಮೇಲೆ ನನ್ನ ಮೇಜಿನ ಮುಂದೆ ಕೂತು ಮಗುವನ್ನು ಹೆಸರು ಹಿಡಿದು ಕರೆದಳು. ಅದು ತಿರುಗಲಿಲ್ಲ. ಇನ್ನೊಂದು ಸಲ ಕರೆದಳು. "ಮುಂಚೆ ತಿರುಗ್ತಿದ್ಲು" ಎಂದಳು.

ನಿನ್ನ ವಿಚಾರಣೆಯಲ್ಲಿ ಅವರ ಕೈಗೆ ಏನೂ ಸಿಕ್ಕಿಲ್ಲವೆಂದು ಭಾವ ನಂಬಿದ್ದಾರೆ. ನಾನೂ ನಂಬಿದ್ದೇನೆ. ಅದೊಂದು ಇಲ್ಲದಿದ್ದರೆ ಅವತ್ತು ಕುರ್ಚಿಯಿಂದ ಏಳುತ್ತಿರಲಿಲ್ಲ.

ಕೆವನ್

ಮಹಿಳಾ ಕಾರಾಗೃಹ
೨೦೧೮ ಮೇ ೨೦

ತಮ್ಮಾ,

ತಿಂಗಳಿಗೆ ಒಂದು ಹಾಳೆ ಕೊಡುತ್ತಾರೆ. ಹನ್ನೊಂದು ವರ್ಷದ ಶಿಕ್ಷೆಯಾಯಿತೆಂದು ಭಾವ ತಿಳಿಸಿರಬೇಕು. ಶಾಲಾ ಸಮವಸ್ತ್ರಗಳಿಗೆ ಗುಂಡಿ ಹೊಲಿಯುತ್ತೇನೆ. ಕನ್ನಡಕ ಕೊಟ್ಟಿದ್ದಾರೆ. ಊಟಕ್ಕೆ ತೊಂದರೆಯಿಲ್ಲ.

ಭಾವ ನೋಡಲು ಬಂದಿದ್ದರು. ಗಾಜಿನ ಆ ಕಡೆ ಕೂತು, ನೀನು ಅಲ್ಲಿ ಒಂದು ಮಾತೂ ಆಡದೆ ಗಟ್ಟಿಯಾಗಿ ನಿಂತೆ ಎಂದು ಹೆಮ್ಮೆಯಿಂದ ಹೇಳಿದರು. ಆ ಮಗುವಿನ ವಿಷಯವನ್ನೂ ಹೇಳಿದರು. ಕೊಟ್ಟ ಸಮಯ ಮುಗಿಯಿತು.

ಕೇಳು, ಕೆವನ್. ನಾನು ಎರಡನೆಯ ದಿನವೇ ಎಲ್ಲ ಹೇಳಿಬಿಟ್ಟಿದ್ದೆ. ಏಪ್ರಿಲ್ ಏಳು, ಶುಕ್ರವಾರ ಬೆಳಿಗ್ಗೆ. ಅಧ್ಯಕ್ಷರನ್ನು ಕರೆಸಿದ್ದು, ನಿಧಿ, ನಿನ್ನ ಸಹಿ, ಪಾತ್ರೆಗಳು, ಎಲ್ಲವನ್ನೂ. ಅವರು ಜೋರು ಮಾಡಲಿಲ್ಲ. ಬ್ಯಾಲರಾಟಿನ ಬೇಕರಿಯಿಂದ ರೊಟ್ಟಿ ಹಿಡಿದು ಹೊರಬರುತ್ತಿರುವ ನಿನ್ನ ಫೋಟೋ ಒಂದನ್ನು ಮೇಜಿನ ಮೇಲೆ ಇಟ್ಟರು.

(ಇಲ್ಲಿ ಎರಡೂವರೆ ಸಾಲುಗಳ ಮೇಲೆ ಕಪ್ಪು ಮಸಿ ಬಳಿದಿದೆ.)

ಹದಿನಾಲ್ಕು ಪುಟಕ್ಕೆ ಸಹಿ ಹಾಕಿದೆ. ಸುಮ್ಮನಿರು ಎಂದು ಭಾವ ನಿನಗೆ ಬರೆಯುವ ಹೊತ್ತಿಗೆ ಅದು ಮುಗಿದು ಎರಡು ದಿನವಾಗಿತ್ತು.

ನೀನು ಸುಮ್ಮನಿದ್ದುದರಿಂದ ನನಗೆ ಒಂದು ದಿನವೂ ಕಡಿಮೆಯಾಗಲಿಲ್ಲ. ಇದನ್ನು ಹೇಳದೆಯೂ ಇರಬಹುದಿತ್ತು. ಆದರೆ ಇನ್ನು ಮುಂದೆ ನನ್ನ ಹೆಸರಿನಲ್ಲಿ ನೀನು ಏನನ್ನೂ ಹೊತ್ತು ತಿರುಗುವುದು ಬೇಡ.

ಹಾಳೆ ಮುಗಿಯಿತು.

ಅಕ್ಕ

ಬ್ಯಾಲರಾಟ್
೨೦೧೮ ಜುಲೈ ೧

ಅಕ್ಕಾ,

ನಿನ್ನ ಹಾಳೆ ಬಂದ ಮರುದಿನ ಮೊದಲ ರೈಲಿಗೆ ಮೆಲ್ಬರ್ನಿಗೆ ಹೋದೆ. ಎಲ್ಲ ಹೇಳಿದೆ. ನಾಲ್ಕು ಗಂಟೆ ಹಿಡಿಯಿತು. ಆ ಹೆಂಗಸು ಈಗ ಕಚೇರಿಯ ಮುಖ್ಯಸ್ಥೆ. ಹೋದ ವರ್ಷದ ಜೂನಿನಲ್ಲಿ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಅಕ್ಕನನ್ನು ಉಳಿಸಲು ಎಂದೆ. ಯಂತ್ರ ನಿಲ್ಲಿಸಿ, ಎದ್ದು ಹೋಗಿ ಒಂದು ಲೋಟ ನೀರು ತಂದಿಟ್ಟಳು. ಪಾತ್ರೆಗಳು ದೇಶ ಬಿಟ್ಟಿವೆ, ಕಟ್ಟಡವನ್ನು ಹಂಚಿನ ವ್ಯಾಪಾರಿ ಕೊಂಡಾಗಿದೆ, ಒಪ್ಪಿಗೆ ಹಿಂದಕ್ಕೆ ಪಡೆದು ಇನ್ನು ಪ್ರಯೋಜನವಿಲ್ಲ ಎಂದಳು. ಸುಳ್ಳು ಹೇಳಿಕೆಯ ಮೊಕದ್ದಮೆ ಮಾತ್ರ ನನ್ನ ಮೇಲೆ ನಡೆಯುತ್ತದೆ. ಆಗಸ್ಟಿನಲ್ಲಿ ಮೊದಲ ದಿನ. ಪಾಸ್‌ಪೋರ್ಟ್ ಅವರ ಹತ್ತಿರ ಇದೆ.

ಪತ್ರಿಕೆಯಲ್ಲಿ ಬರುವ ಮೊದಲು ನೋರೀನಳಿಗೆ ನಾನೇ ಹೇಳಬೇಕು ಅನ್ನಿಸಿತು. ಇವತ್ತು ಅವಳ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಕೇಳಿದಳು. ನೀನು ಯಾರು, ನನ್ನನ್ನು ಹೇಗೆ ಸಾಕಿದೆ, ನಾನು ಯಾಕೆ ಸುಮ್ಮನಿದ್ದೆ, ನೀನು ಯಾವತ್ತು ಹೇಳಿದೆ ಎಂಬುದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಬೆಂಡಿಗೋದ ಮಗುವಿನ ವಿಷಯ ಅವಳಿಗೆ ಆಗಲೇ ಗೊತ್ತಿತ್ತು.

"ಅಂದ್ರೆ ಇಷ್ಟೆಲ್ಲ ನಿಮ್ಮ ಅಕ್ಕನಿಗೋಸ್ಕರ" ಎಂದಳು.

ಹೌದು ಎಂದೆ.

"ಅವಳಿಗೆ ಅದ್ರಿಂದ ಏನಾದ್ರೂ ಆಯ್ತಾ?"

"ಇಲ್ಲ."

"ಆಗಿದ್ದಿದ್ರೆ ಕ್ಷಮಿಸಿಬಿಡ್ತಿದ್ನೇನೋ. ನನಗೂ ಒಬ್ಬ ತಮ್ಮ ಇದ್ದ. ಈಗ ಯಾವ ಲೆಕ್ಕದಲ್ಲಿ ಕ್ಷಮಿಸ್ಲಿ, ನೀವೇ ಹೇಳಿ ಡಾಕ್ಟರೇ" ಎಂದಳು.

ಅದು ಬೈಗುಳವಾಗಿರಲಿಲ್ಲ. ನಿಜವಾಗಿಯೂ ನನ್ನಿಂದ ಉತ್ತರ ಬರುತ್ತದೆಂದು ಕಾದಳು. ಆಮೇಲೆ, ಒಳಗೆ ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಬಾಗಿಲು ಹಾಕಿಕೊಂಡಳು.

ಬಸ್ಸಿಗೆ ಕಾಯದೆ ನಡೆದುಕೊಂಡೇ ಮನೆಗೆ ಬಂದೆ. ಕೋಟು ಕೂಡ ಬಿಚ್ಚದೆ ಬರೆಯುತ್ತಿದ್ದೇನೆ.

ಕೆವನ್